ಆವತಿ ಲೈನಿನ ಸರದಿ

ನಂದು,

ನೀನು ಏಳುವ ಮೊದಲೇ ಹೊರಡುತ್ತಿದ್ದೇನೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಮುಖ ನೋಡಿ ಹೇಳಲು ನನಗಾಗಲಿಲ್ಲ.

"ನಿಮ್ಮ ಆಫೀಸಲ್ಲಿರೋದು ಒಂದೇ ಮೀಟರ್ ಕಣಕ್ಕ, ಅಷ್ಟೊಂದು ಕೇಬಲ್ ಯಾರು ನೋಡ್ತಾರೆ" ಎಂದು ಮೊನ್ನೆ ಊಟಕ್ಕೆ ಕೂತಾಗ ನಕ್ಕೆಯಲ್ಲ. ಇಂಟರ್ನೆಟ್ ಕೇಬಲ್ಲಿನೊಳಗೆ ಹರಿಯುವ ಬೆಳಕನ್ನು ಅಳೆಯುವ ಮೀಟರ್ ಈಗಲೂ ಒಂದೇ. ಆದರೆ ಹೊಸ ಸ್ವಿಚ್ ಬಂದಿದೆ. ಅದು ಒಂದಾದ ಮೇಲೊಂದು ಕೇಬಲ್ಲನ್ನು ಅದೇ ಮೀಟರಿಗೆ ಜೋಡಿಸುತ್ತಾ ಹೋಗುತ್ತದೆ. ನಿನ್ನೆ ಆವತಿ ಊರಿಗೆ ಹೋಗುವ ಲೈನಿನ ಸರದಿ ಬಂದಾಗ, ರಸ್ತೆ ಬದಿಯ ಒಂದು ಕೇಬಲ್ ಗುಂಡಿಯ ಹತ್ತಿರ ಬೆಳಕು ಸೋರುತ್ತಿರುವುದು ಕಂಡಿತು. ಕೇಬಲ್ ತುಂಡಾಗಿಲ್ಲ. ಯಾರೋ ಒಳಗಿನ ಗಾಜಿನ ಎಳೆ ಬಗ್ಗಿಸಿ, ಕ್ಲಿಪ್ ಹಾಕಿ, ಜನರ ಡೇಟಾ ಕದಿಯುತ್ತಿದ್ದಾರೆ. ಆ ಗುಂಡಿಯ ಮುಚ್ಚಳದ ಕೀ ರಿಪೇರಿಗೆ ಹೋಗುವ ನಿನ್ನೊಬ್ಬನ ಹತ್ತಿರ ಇದೆ.

ಯಾರಿಗಾಗಿ ಮಾಡಿದೆ ಎಂದು ನಾನು ಕೇಳುವುದಿಲ್ಲ. ಆ ಲೈನನ್ನು ಸರದಿಯಿಂದ ತೆಗೆದು ಇದನ್ನು ಮುಚ್ಚಿಹಾಕುವುದು ನನಗೆ ಒಂದು ಬಟನ್ನಿನ ಕೆಲಸ. ಬೆರಳು ಅಲ್ಲಿಯವರೆಗೂ ಹೋಯಿತು. ಒತ್ತಲಿಲ್ಲ.

ಕ್ಲಿಪ್ ಬಿಚ್ಚಲು ಹೋಗಬೇಡ. ನಾನು ಬಸ್ಸಿಗೆ ಹೋಗುತ್ತೇನೆ, ಸ್ಕೂಟರ್ ನಿನಗೆ ಬಿಟ್ಟಿದ್ದೇನೆ. ತಿಂಡಿ ತಿಂದು ದೇವನಹಳ್ಳಿ ಆಫೀಸಿಗೆ ಬಾ. ಮ್ಯಾನೇಜರ್ ಮನೋಹರ್ ಸಾರ್ ಬರುವವರೆಗೂ ಗೇಟಿನ ಹತ್ತಿರ ಕಾಯುತ್ತೇನೆ. ನೀನು ಬಂದರೆ ನೀನೇ ಹೇಳು, ಪಕ್ಕದಲ್ಲಿ ನಿಂತಿರುತ್ತೇನೆ. ಬರದಿದ್ದರೆ ನಿನ್ನ ಹೆಸರು ನಾನು ಹೇಳಬೇಕಾಗುತ್ತದೆ.

ಅಮ್ಮನಿಗೆ ಏನೂ ಗೊತ್ತಿಲ್ಲ.

ನಿನ್ನ ಅಕ್ಕ
ಚೈತ್ರ