ಮೂರನೇ ಶೆಡ್ಡಿನ ಗೊರಗೊರ ಸದ್ದು

ಸೊಸೆಗೆ,

ನಿನಗೆ ನಿದ್ರೆ ಹತ್ತಿದ್ದರಿಂದ ಎಬ್ಬಿಸಲಿಲ್ಲ. ಪಶುವೈದ್ಯರು ಫೋನ್ ಮಾಡಿದ್ದರು. ರೋಗ ಮೂರನೇ ಶೆಡ್ಡಿನಲ್ಲಿ ಮಾತ್ರ ಇದೆ. ಉಳಿದ ಶೆಡ್ಡುಗಳ ಕೋಳಿಗಳ ಗಂಟಲ ದ್ರವದಲ್ಲಿ ವೈರಸ್ ಕಂಡುಬಂದಿಲ್ಲ. ಎರಡನೆಯ ಸುತ್ತಿನ ಮಾದರಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ನಾನೇ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೇನೆ.

ಫೀಡ್ ಲಾರಿ ಬಂದರೆ ಮೂಟೆಗಳನ್ನು ಗೇಟಿನ ಹೊರಗೇ ಇಳಿಸಲಿ. ಚಾಲಕ "ಕೋಳಿ ರೋಗ ತರೋಕೆ ನನಗೇನು ರೆಕ್ಕೆ ಇದೆಯಾ?" ಎಂದು ಗೊಣಗುತ್ತಾನೆ, ಕಿವಿಗೆ ಹಾಕಿಕೊಳ್ಳಬೇಡ. ಮೂರನೇ ಶೆಡ್ಡಿಗೆ ಎಲ್ಲಕ್ಕಿಂತ ಕೊನೆಯಲ್ಲಿ ಹೋಗು. ಅಲ್ಲಿನ ಬೂಟುಗಳನ್ನು ಅಲ್ಲಿಯೇ ಬಿಟ್ಟು ಬಾ.

ಮೊದಲು ನಾನು ಸತ್ತ ಕೋಳಿಗಳ ಸಂಖ್ಯೆಯನ್ನು ಎಲ್ಲ ಶೆಡ್ಡುಗಳಿಗೂ ಹಂಚಿ ಸರಾಸರಿ ತೆಗೆದು, ಗಾಬರಿಗೆ ಕಾರಣವಿಲ್ಲವೆಂದಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೂರನೇ ಶೆಡ್ಡು ಆ ಸರಾಸರಿಯೊಳಗೆ ಅಡಗಿ ಕುಳಿತಿತ್ತು. ನೀನು ಫ್ಯಾನುಗಳನ್ನು ನಿಲ್ಲಿಸಿ, ಕೋಳಿಗಳ ಉಸಿರಾಟವನ್ನು ಆಲಿಸಿದೆ. ಮೂರನೇ ಶೆಡ್ಡಿನಲ್ಲಿ ಮಾತ್ರ ಗೊರಗೊರ ಸದ್ದು ನಿನಗೆ ಕೇಳಿಸಿತು. "ಮಾವ, ನೀವು ಬೈದ್ರೂ ಸರಿ, ಇವತ್ತೇ ಮಾದರಿ ಕಳಿಸ್ತೀನಿ" ಎಂದೆ. ನಾನು ಬೈದೆ, ನೀನು ಕಳಿಸಿದೆ. ಎಲ್ಲ ಶೆಡ್ಡುಗಳಿಗೂ ಹಬ್ಬಿದ್ದರೆ ಫಾರಮ್ಮನ್ನೇ ಮುಚ್ಚಬೇಕಾಗುತ್ತಿತ್ತು. ದೊಡ್ಡ ಉಪಕಾರವಾಯಿತು, ಮಗಳೇ.

ಅನ್ನ ಮಾಡಿಟ್ಟಿದ್ದೇನೆ. ತಳ ಸ್ವಲ್ಪ ಹಿಡಿದಿದೆ, ಮೇಲಿನದನ್ನು ಬಡಿಸಿಕೊ.

ನಿನ್ನ ತಾಯಿಯೂ ಫೋನ್ ಮಾಡಿದ್ದರು. "ನಮ್ಮ ಹುಡುಗೀನ ಚೆನ್ನಾಗಿ ನೋಡ್ಕೊಳ್ತಿದ್ದೀರಿ ತಾನೇ, ಬೀಗರೇ?" ಎಂದು ಕೇಳಿದರು. ಅವಳೇ ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದಾಳೆ ಎಂದೆ. ತಮಾಷೆಯೆಂದುಕೊಂಡು ನಕ್ಕರು. ನಾನು ತಮಾಷೆ ಮಾಡುವವನಲ್ಲವೆಂದು ನೀನೇ ಅವರಿಗೆ ತಿಳಿಸು.

— ಮಾವ