ಬೀರೋಬಾ ಸುಮ್ಮನಾದಾಗ

ಅಪ್ಪಾ, ನೀವು ತೀರಿಕೊಂಡು ಸೇರಿದ ಊರಿಗೆ ಪಿನ್‌ಕೋಡ್ ಇಲ್ಲ, ಈ ಪತ್ರ ಹೊರುವುದು ತಪ್ಪಿ ಅಂಚೆಯವನು ಬದುಕಿಕೊಂಡ.

ಪ್ರತಿವರ್ಷ ನಮ್ಮ ಅಕ್ಕಲಕೋಟದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ನಂದೇಶ್ವರದ ಕುರಿಗಾರ ಹಣಮಂತಪ್ಪ, ಹೆಂಡತಿ ತೀರಿಕೊಂಡ ಮೇಲೆ ಅನ್ನ ಬಿಟ್ಟು ಮಲಗಿದ್ದ. ಹೋದ ತಿಂಗಳು ಅವನನ್ನು ಸೊಲ್ಲಾಪುರದ ಮನೋವೈದ್ಯೆ ಯೋಗಿತಾ ಬಳಿಗೆ ಕರೆದೊಯ್ದೆ.

“ಕಾಕಾ, ಬೀರೋಬಾ ನಿಮ್ಮ ಜೋಡಿ ಮಾತಾಡ್ತಾನೇನ್ರಿ?” ಎಂದು ಅವನ ಕುಲದೇವರ ಬಗ್ಗೆ ಕೇಳಿದಳು.

“ದಿನಾ ಮಾತಾಡ್ತಿದ್ದನ್ರಿ. ಆಕಿ ಹೋದಾಗಿಂದ ಸುಮ್ಮನಾಗ್ಯಾನ,” ಎಂದು ಅತ್ತ.

ಅವಳು ಕೇಳಿದ್ದು, ಮನೋವೈದ್ಯರಾಗಿದ್ದ ನಿಮ್ಮದೇ ಪ್ರಶ್ನೆ. ಕುರಿಗಾರರಿಗೆ ದೇವರ ದನಿ ಕೇಳುವುದು ರೋಗವಲ್ಲ, ಕೇಳದಾಗುವುದೇ ರೋಗದ ಗುರುತು ಎಂದು ಅರವತ್ತರ ದಶಕದಲ್ಲೇ ಬರೆದಿರಿ. ಜೊತೆಯ ಡಾಕ್ಟರರು ನಕ್ಕರು. ನಿಮ್ಮ ಸಂಶೋಧನೆ ಮನಸ್ಸಿನ ಕುರಿತೋ, ಬರೀ ಕುರಿಯೋ ಎಂದು ಊಟಕ್ಕೆ ಕೂತಾಗ ನಾನೂ ಕೇಳಿದ್ದೆ. ನೀವು ಮಜ್ಜಿಗೆ ಕುಡಿದು ಎದ್ದಿರಿ.

ಯೋಗಿತಾ ಆ ಪ್ರಬಂಧ ಓದಿದ್ದಾಳೆ. ನಾನೊಂದು ಪ್ರತಿ ಕೇಳಿದೆ.

“ನಿಮ್ಮ ಮನ್ಯಾಗ ಇರಬೇಕಲ್ರಿ, ಸರ್?”

ನಾನು ಇಟ್ಟುಕೊಂಡಿರಲಿಲ್ಲ; ತಪ್ಪನ್ನು ಗೆದ್ದಲಿನ ಮೇಲೆ ಹಾಕಿದೆ.

ಗುಳಿಗೆ ನಡೆದವು. ಇವತ್ತು ಮತ್ತೆ ಹೋದಾಗ ಹಣಮಂತಪ್ಪ ಕೂರುವ ಮೊದಲೇ ದೂರಿದ: “ಮುಂಜಾನೆ ಬೀರೋಬಾ ಬೈದಾನ್ರಿ, ಡಾಕ್ಟರ್ ಬಾಯಾರ. ಕುರಿ ಉಪವಾಸ ಕೆಡವಿದಿ, ಏಳಲೇ ಅಂದ.”

“ಎದ್ರೋ ಇಲ್ಲೋ?” ಎಂದಳು ಯೋಗಿತಾ.

“ಹೆಂಡ್ತಿ ಬೈದ್ರ ಮಲಗಿರಬಹುದು. ದೇವರು ಬೈದ್ರ ಹೆಂಗ ಮಲಗ್ಲಿರಿ?”

ಯೋಗಿತಾ ನಕ್ಕು, ಚೀಟಿಯಲ್ಲಿ ‘ಗುಣವಾಗುತ್ತಿದೆ’ ಎಂದು ಬರೆದು, ಅವನಿಗೆ ಓದಿ ಹೇಳಲು ನನ್ನ ಕೈಗೆ ಕೊಟ್ಟಳು. ಗಟ್ಟಿಯಾಗಿ ಎರಡು ಸಲ ಓದಿದೆ, ಅಪ್ಪಾ. ಒಂದು ಸಲ ಅವನಿಗಾಗಿ.