ಮುನ್ನೂರು ಮಂದಿ ಹೇಳಿದ್ದು

ಶಹಾಬಾದ, ಏಪ್ರಿಲ್ 1978

ಗೆಳೆಯ ಕಾಶಪ್ಪ,

ಚುನಾವಣೆಯಲ್ಲಿ ಸೋತ ಮೇಲೆ ನೀನು ಎಲ್ಲಿ ಹೋದೆಯೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ. ಇವತ್ತು ನಿನ್ನ ಹೆಂಡತಿ ಶಿವಕಾಂತಮ್ಮ ಇಲ್ಲೇ ಉಳಿದಿದ್ದ ನಿನ್ನ ಸರ್ಟಿಫಿಕೇಟು ಒಯ್ಯಲು ಶಾಲೆಗೆ ಬಂದಿದ್ದರು. ಮನೆ ಖಾಲಿ ಮಾಡಿ ಚಿಂಚೋಳಿಯ ತವರಿಗೆ ಹೊರಟಿದ್ದಾರೆ.

“ಅಣ್ಣಾರೆ, ಎಲೆಕ್ಷನ್ ಮುಂದ ನೀವು ಮನಿ ಮನಿ ತಿರುಗಿ ಕೇಳಿದ್ರಲ್ಲ, ಜನ ಏನ್ ಹೇಳಿದ್ರು?” ಎಂದು ಕೇಳಿದರು.

ಮತದಾರರ ಪಟ್ಟಿಯಲ್ಲಿ ಹತ್ತಕ್ಕೊಂದು ಮನೆ ಆರಿಸಿ ಮುನ್ನೂರು ಮಂದಿಯನ್ನು ಕೇಳಿದ್ದೆ. ನಿನ್ನ ಹೆಸರು ಹೇಳಿದವರು ಮೂವತ್ತೊಂದೇ ಮಂದಿ. ಆದರೆ ಎಣಿಕೆ ಮುಗಿಸಿದ ಸಂಜೆಯೇ ಪಕ್ಕದೂರು ವಾಡಿಯ ಸಭೆಯಲ್ಲಿ ಜನ ನಿನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮಕ್ಕಳಿಗೆ ಗಣಿತ ಕಲಿಸುವ ನಾನು ಲೆಕ್ಕ ಬಿಟ್ಟು ಆ ಗದ್ದಲವನ್ನು ನಂಬಿ, “ನೀ ಗೆಲ್ತಿ” ಎಂದೆ. ಮರುದಿನ ನೀನು ಚುನಾವಣೆಗೆ ನಿಲ್ಲಲು ನಮ್ಮ ಶಾಲೆಯ ನೌಕರಿಗೆ ರಾಜೀನಾಮೆ ಕೊಟ್ಟೆ.

“ಎಲ್ಲಾರೂ ಕಾಶಪ್ಪಗೇ ಹಾಕ್ತೀವಿ ಅಂದಿದ್ರವ್ವ” ಎಂದು ಇವತ್ತು ಶಿವಕಾಂತಮ್ಮನವರಿಗೆ ಹೇಳಿಬಿಟ್ಟೆ.

“ಹಂಗಾದ್ರ ನಮ್ಮ ಓಣಿಯವ್ರೇ ಮೋಸ ಮಾಡ್ಯಾರ” ಎಂದು ಅವರು ಎದ್ದರು.

ಗೇಟಿನ ಬಳಿ ನಿಮ್ಮ ಪಕ್ಕದ ಮನೆಯ ಸಾಬಮ್ಮ ದಾರಿಗೆಂದು ಬುತ್ತಿ ಕಟ್ಟಿಕೊಂಡು ನಿಂತಿದ್ದರು. ಶಿವಕಾಂತಮ್ಮ ಅದನ್ನು ಮುಟ್ಟಲಿಲ್ಲ, ಮುಖವನ್ನೂ ನೋಡಲಿಲ್ಲ. ನಿನಗೆ ಓಟು ಹಾಕುವುದಿಲ್ಲವೆಂದು ಸಾಬಮ್ಮ ಅಂದು ನನಗೆ ನೇರವಾಗಿಯೇ ಹೇಳಿದ್ದರು.

“ಅಕೀಗಿ ಏನಾತ್ರಿ, ಮಾಸ್ತರ?” ಎಂದು ಸಾಬಮ್ಮ ನನ್ನನ್ನು ಕೇಳಿದರು. ನಾನು ಒಳಗೆ ಬಂದು ಕುರ್ಚಿಯಲ್ಲಿ ಕೂತೆ.

ಚಿಂಚೋಳಿಯ ಬಸ್ಸಿಗೆ ಇನ್ನೂ ಅರ್ಧ ತಾಸಿದೆ. ಬಸ್‌ಸ್ಟ್ಯಾಂಡು ಇಲ್ಲಿಂದ ಐದು ನಿಮಿಷದ ದಾರಿ. ನಾನು ಕುರ್ಚಿಯಿಂದ ಏಳದೆ ನಿನಗೆ ಬರೆಯುತ್ತಿದ್ದೇನೆ.

ಅಂಬಾರಾಯ